ಫೇಲು ಸುಬೇದಾರರು

ಮಿತ್ರದೇಶಗಳ ಯುದ್ಧಸಾಮಗ್ರಿ ನಮ್ಮ ಸೈನ್ಯಕ್ಕೆ ಒಗ್ಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ ಸುಬೇದಾರ್ ಬೋರಯ್ಯ ನಿವೃತ್ತರಾಗಿ ಹಾನುಬಾಳಿಗೆ ಬಂದ ಮೇಲೆ ಅಂಗಡಿ ಸುಮಿತ್ರಮ್ಮನಿಗೆ ನೆಮ್ಮದಿಯಿಲ್ಲ. ಕೊಡೆಯ ಕಡ್ಡಿಗಳನ್ನು ಹಿಂದಕ್ಕೆ ಬಗ್ಗಿಸುತ್ತಾರೆ, ಟಾರ್ಚನ್ನು ಬಕೆಟ್ ನೀರಿಗೆ ಹಾಕಿ ಬೀಡಿ ಮುಗಿಯುವವರೆಗೂ ಕಾಯುತ್ತಾರೆ, ಆಮೇಲೆ "ಫೇಲು" ಎಂದು ಗುಡುಗಿ ಬರಿಗೈಯಲ್ಲಿ ಹೊರಡುತ್ತಾರೆ. ಡಬ್ಬದ ಮೇಲೆ ಪರದೇಶದ ಹೆಸರಿದ್ದರಂತೂ ಮೀಸೆಯೇ ನಡುಗುತ್ತದೆ. ಮೊನ್ನೆ ಮತ್ತೊಂದು ಟಾರ್ಚು ಕೆಟ್ಟಾಗ ಸುಮಿತ್ರಮ್ಮನಿಗೂ ರೇಗಿತು. "ನಿಮ್ ಕೈಲಿ ಪಾಸಾದ ಸಾಮಾನು ಒಂದಾದ್ರೂ ಐತಾ ಮಾರಾಯ್ರೆ?" ಸುಬೇದಾರರು ಒದ್ದೆ ಟಾರ್ಚನ್ನು ಪಂಚೆಯಲ್ಲಿ ಒರೆಸುತ್ತಾ ನಿಂತರು. "ಒಂದೈತೆ, ಪರದೇಶದ್ ವೈರ್‌ಲೆಸ್ ಸೆಟ್ಟು. ಮಳೆಗಾಲದಲ್ಲಿ ನೋಡಾಣ ಅಂದೆ, ಸಾಹೇಬ್ರಿಗೆ ಅರ್ಜೆಂಟು, ಬೇಸಿಗೇಲೇ ಸೈನ್ ಹಾಕ್ಬುಟ್ಟೆ. ಅದನ್ನ ಹೊತ್ಕೊಂಡು ಗಡೀಲಿ ಸತ್ತ ಹುಡುಗ್ರು ಆ ಮಳೇಲಿ ಎಷ್ಟು ಕೂಗಿದ್ರೋ, ನಮಗೊಂದು ಮಾತೂ ಕೇಳ್ಲಿಲ್ಲ ಕಣಮ್ಮ."