ಮುಂಗಾಲಿಗೆ ಕ್ಲಚ್ಚು, ಹಿಮ್ಮಡಿಗೆ ಬ್ರೇಕು

ಕೀಲೆಣ್ಣೆಯ ವಾಸನೆ ಬಂದರೆ ಕರೆಪ್ಪನವರಿಗೆ ಇಂದಿಗೂ ತಮ್ಮ ಏಳನೆಯ ವಯಸ್ಸು ನೆನಪಾಗುತ್ತದೆ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಚಕ್ಕಡಿಯ ಕೆಳಗೆ ತೂಗುಬಿಡುತ್ತಿದ್ದ ಕಪ್ಪು ಎಣ್ಣೆ ಅದು. ಅವರ ಅಪ್ಪ ಮೂಡಲಗಿಯ ಪೇಟೆಗೆ ಬಂದ ಚಕ್ಕಡಿಗಳ ಗಾಲಿ ಕಳಚಿ ಅಚ್ಚಿಗೆ ಎಣ್ಣೆ ಸವರುತ್ತಿದ್ದರು. ಸಂಜೆ ಅಪ್ಪನ ಅಂಗೈ ಮೂಸಿದರೆ ಸಾಕು, ಕಾಣದ ಊರುಗಳ ದಾರಿಗಳೆಲ್ಲ ಹುಡುಗನ ನಿದ್ದೆಯೊಳಗೆ ಮೆಲ್ಲಗೆ ಉರುಳತೊಡಗುತ್ತಿದ್ದವು.

ಈಗ ಶುಕ್ರವಾರ, ಬೆಳಗಿನ ಐದು ಗಂಟೆ. ಗುರ್ಲಾಪುರದ ದಾರಿಯಲ್ಲಿ ಬೇವಿನ ಮರದಡಿ ಒಂದು ತಗಡಿನ ಶೆಡ್ಡು. ಸುತ್ತಲಿನ ಗಾಣಗಳಿಂದ ಏಳುವ ಬೆಲ್ಲದ ಹಬೆ ಮಂಜಿನೊಡನೆ ಬೆರೆತು, ಮರವೂ ಶೆಡ್ಡೂ ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಂತೆ ಕಾಣುತ್ತವೆ. ಒಳಗೆ ನಲವತ್ತನಾಲ್ಕರ ಕರೆಪ್ಪ ಗೋಣಿಚೀಲದ ಮೇಲೆ ಕುಳಿತು ತಿದಿ ಒತ್ತುತ್ತಿದ್ದಾರೆ. ಕೆಂಡದಲ್ಲಿ ಬೆರಳಗಲದ ಕಬ್ಬಿಣದ ಪಟ್ಟಿ ಕೆಂಪಾಗುತ್ತಿದೆ. ಗೋಡೆಗೊರಗಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ಮೋಟರ್‌ಸೈಕಲ್ಲು ನಿಂತಿದೆ.

ಅದು ಮುರಿಗೆಪ್ಪನವರದು. ಹುಕ್ಕೇರಿ ಕಡೆಯ ಹತ್ತರಗಿಯವರು, ವಯಸ್ಸು ಮೂವತ್ತು, ದನದ ದವಾಖಾನೆಯ ಕಂಪೌಂಡರು, ಹಳ್ಳಿಗರ ಬಾಯಲ್ಲಿ ಡಾಕ್ಟರು. ಮೂವತ್ತೆಂಟು ಹಳ್ಳಿಗಳ ದನಕರುಗಳಿಗೆ ಸೂಜಿ ಹಾಕುವುದು ಅವರ ಕೆಲಸ. ಔಷಧ ಬರ್ಫದ ಥರ್ಮಾಸಿನಲ್ಲಿರುತ್ತದೆ. ಬರ್ಫ ಕರಗುವುದರೊಳಗೆ ಹಳ್ಳಿ ಮುಟ್ಟಬೇಕು, ಚಕ್ಕಡಿಯನ್ನು ನಂಬಿ ಕೂರುವಂತಿಲ್ಲ. ಹೋದ ಸುಗ್ಗಿಯಲ್ಲಿ ಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಅವರ ಎಡಗೈಯ ನಾಲ್ಕು ಬೆರಳು ಹೋದವು. ಉಳಿದ ಹೆಬ್ಬೆರಳು, ಅಂಗೈಗಳಿಂದ ಹ್ಯಾಂಡಲ್ ಹಿಡಿಯಬಹುದು. ಆದರೆ ಗೇರು ಬದಲಿಸುವಾಗ ಇಂಜಿನ್ನನ್ನೂ ಗಾಲಿಯನ್ನೂ ಒಂದು ಕ್ಷಣ ಬಿಡಿಸುವ ಕ್ಲಚ್ಚು ಆ ನಾಲ್ಕು ಬೆರಳುಗಳದೇ ಕೆಲಸವಾಗಿತ್ತು. ಸೋಮವಾರ ಹುಕ್ಕೇರಿಯಲ್ಲಿ ಮೇಲಧಿಕಾರಿಗಳ ಎದುರು ಗಾಡಿ ಓಡಿಸಿ ತೋರಿಸಬೇಕು. ಆಗದಿದ್ದರೆ ಹಳ್ಳಿಗಳ ಸುತ್ತು ಬೇರೆಯವರಿಗೆ, ಮುರಿಗೆಪ್ಪನವರು ಮನೆಗೆ.

ಗೋಕಾಕದಲ್ಲಿ ಇಬ್ಬರು ಮಿಸ್ತ್ರಿಗಳು, ಹುಕ್ಕೇರಿಯಲ್ಲಿ ಒಬ್ಬರು, ಗಾಡಿ ಮಾರಿಬಿಡಿ ಎಂದರು. ಕರೆಪ್ಪ ಮಾತ್ರ ಗಾಡಿಯ ಸುತ್ತ ಎರಡು ಸಲ ತಿರುಗಿ, "ಡಾಕ್ಟರ, ಕಾಲು ಎರಡೂ ನೆಟ್ಟಗ ಅದಾವಲ್ಲರಿ?" ಎಂದು ಕೇಳಿದರು.

"ಅದಾವು ಮಿಸ್ತ್ರಿ."

"ಅಷ್ಟಾದ್ರ ಸಾಕ್ರಿ. ಕೈ ಮಾಡೂ ಕೆಲಸ ಕಾಲಿಗೆ ಹಚ್ಚೂಣು."

ಕರೆಪ್ಪ ಇದನ್ನೆಲ್ಲ ಕಲಿತದ್ದು ಪುಣೆಯ ಬಳಿ, ಸೈನ್ಯದ ವರ್ಕ್‌ಶಾಪಿನಲ್ಲಿ. ಯುದ್ಧ ಮುಗಿದು ಊರಿಗೆ ಬಂದಾಗ ಹೊಲಗೇರಿಯ ಮಿಸ್ತ್ರಿಗೆ ಪೇಟೆಯೊಳಗೆ ಜಾಗ ಸಿಗಲಿಲ್ಲ. ಬೇವಿನ ಮರ ಸಿಕ್ಕಿತು. ಮೊದಮೊದಲು ಮಂದಿ ಕೆಟ್ಟ ಪಂಪನ್ನು ಮರದ ಬುಡಕ್ಕಿಟ್ಟು, ದೂರ ನಿಂತು ಕೂಗುತ್ತಿದ್ದರು. ಈಗ ಶೆಡ್ಡಿನೊಳಗೇ ಬಂದು ಕೂರುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಮೂರು ಆಯಿಲ್ ಇಂಜಿನ್ನು, ಆರೇಳು ಸೈಕಲ್ಲು ಅವರ ಕೈಯಿಂದ ಹಾದುಹೋಗುತ್ತವೆ. ಅಲ್ಲಿ ಒಂದೇ ನೇಮ: ಕಾಲಿನ ಚಪ್ಪಲಿ ಮರದಡಿ ಬಿಟ್ಟು ಒಳಗೆ ಬರಬೇಕು. ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಕರೆಪ್ಪ ದಿನಾ ದೇವರಿಗೆಂಬಂತೆ ಭಂಡಾರದ ಅರಿಶಿನ ಹಚ್ಚುತ್ತಾರೆ.

ಪೆಡಲಿನ ನಮೂನೆ ಮೊದಲು ಮರದಲ್ಲಾಯಿತು. ಮುರಿಗೆಪ್ಪನವರ ಎಡಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು, ಕರೆಪ್ಪ ಗೋಕಾಕದ ಗೊಂಬೆ ಮಾಡುವ ಅಣ್ಣಪ್ಪನವರ ಬಳಿ ಹೋದರು. ಅಣ್ಣಪ್ಪ ಎರಡು ಪುಟ್ಟ ಪೆಡಲು ಕೆತ್ತಿ, ಸುಮ್ಮನಿರಲಾರದೆ ಅರಿಶಿನ ಬಣ್ಣ ಬಳಿದು, ಅಂಚಿಗೊಂದು ಹಸಿರು ಬಳ್ಳಿಯನ್ನೂ ಬರೆದಿದ್ದರು.

"ಏನೋ ಇದು, ತೊಟ್ಟಿಲಕ್ಕ ಕಟ್ಟಾಕ ಮಾಡೀಯೇನು?"

"ನೀ ಕಬ್ಬಿಣದವ, ನಿನಗೇನ ಗೊತ್ತಾಕೈತಿ? ಬಣ್ಣ ಇಲ್ಲದ ಕಟಗಿ ನನ್ನ ಕೈಬಿಟ್ಟು ಹೋಗೂದಿಲ್ಲೊ."

ಆ ಬಳ್ಳಿಯ ಪೆಡಲನ್ನು ಎದುರಿಗಿಟ್ಟುಕೊಂಡೇ ಕರೆಪ್ಪ ಕಬ್ಬಿಣ ಬಾಗಿಸುತ್ತಾರೆ. ಮುಂಗಾಲಿಗೆ ಕ್ಲಚ್ಚು, ಹಿಮ್ಮಡಿಗೆ ಬ್ರೇಕು, ಎರಡೂ ಎಡಗಾಲಿಗೇ. ಗೇರು ಬಲಗಾಲಿನಲ್ಲಿ ಮೊದಲಿನಿಂದಲೂ ಇದೆ. ಹ್ಯಾಂಡಲಿನ ಕ್ಲಚ್ ತಂತಿಯನ್ನು ಬಿಡಿಸಿ, ಕೆಳಗಿಳಿಸಿ, ಪೆಡಲಿಗೆ ಸಿಕ್ಕಿಸುತ್ತಾರೆ. ಬೆಳಕು ಹರಿಯುವಾಗ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಷ್ಟರಲ್ಲಿ ಬಂದ ಮುರಿಗೆಪ್ಪನವರನ್ನು ಕೂರಿಸುತ್ತಾರೆ. ಬರಿಗಾಲು ಪೆಡಲಿನ ಮೇಲೆ ಹಾಲಿಗೆ ಕೆನೆ ಕೂತಂತೆ ಕೂರುತ್ತದೆ. ಇಂಜಿನ್ನು ಓಡುತ್ತಿರುವಾಗ ಕ್ಲಚ್ಚು ಒತ್ತಿದರೆ ಹಿಂದಿನ ಗಾಲಿ ನಿಲ್ಲುತ್ತದೆ, ಬಿಟ್ಟರೆ ತಿರುಗುತ್ತದೆ. ಮುರಿಗೆಪ್ಪನವರು ಸಣ್ಣ ಮಗುವಿನಂತೆ ಹತ್ತು ಸಲ ಒತ್ತಿ ಬಿಡುತ್ತಾರೆ.

ಮಧ್ಯಾಹ್ನ ರಸ್ತೆಯ ಮೇಲೆ ಮೊದಲ ಓಟ. ಮುರಿಗೆಪ್ಪನವರು ಮರದಡಿ ಬಿಟ್ಟಿದ್ದ ದಪ್ಪ ಕಾಪಶಿ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ, ಒಂದು ಫರ್ಲಾಂಗು ಹೋಗಿ ತಿರುಗಿಸಿಕೊಂಡು ಬರುತ್ತಾರೆ. ಶೆಡ್ಡಿನ ಮುಂದೆ ನಿಲ್ಲಿಸಿ, ಕ್ಲಚ್ಚು ಒತ್ತಿಹಿಡಿದು, ಹಲ್ಲು ಬಿಟ್ಟು ನಗುತ್ತಿರುವಾಗಲೇ ಕಾಲು ಜಾರುತ್ತದೆ. ಗಾಡಿ ಒಂದೇ ನೆಗೆತಕ್ಕೆ ರಸ್ತೆ ದಾಟಿ, ಕಬ್ಬಿನ ರವದಿಯ ಬಣವೆಯೊಳಗೆ ಹೋಗುತ್ತದೆ. ಒಣಗರಿಗಳ ನಡುವಿನಿಂದ ಹಿಂದಿನ ಗಾಲಿಯೂ ಡಾಕ್ಟರ ಧೋತರದ ಚುಂಗೂ ಕಾಣುತ್ತವೆ. ಪೆಟ್ಟೇನೂ ಆಗಿಲ್ಲ.

ಆದರೆ ಹೊರಗೆ ಬಂದ ಮುರಿಗೆಪ್ಪನವರು ಗಾಡಿಯ ಕಡೆ ನೋಡುವುದಿಲ್ಲ. "ಸಾಕು ಬಿಡು ಮಿಸ್ತ್ರಿ. ಆ ಮೂರೂ ಮಿಸ್ತ್ರಿಗಳು ಖರೇನ ಹೇಳಿದ್ರು. ಸಾಹೇಬ್ರ ಮುಂದ ಹಿಂಗಾದ್ರ ಮಂದಿ ನಗ್ತಾರ. ಮಾರಿಬಿಡ್ತೇನಿ."

ಕರೆಪ್ಪ ಗಾಡಿಯನ್ನು ಬಣವೆಯಿಂದ ಹೊರಗೆಳೆಯುತ್ತಾರೆ. ಮೊಣಕಾಲೂರಿ ಪೆಡಲನ್ನೇ ನೋಡುತ್ತಾರೆ. ಅದರ ಅಂಚಿನಲ್ಲಿ ಚಪ್ಪಲಿಯ ಚರ್ಮದ ಕೆಂಪು ಗೀರು. ಮುರಿಗೆಪ್ಪನವರ ಕಾಲು ನೋಡುತ್ತಾರೆ. ಮತ್ತೆ ಗೀರು ನೋಡುತ್ತಾರೆ.

"ತಪ್ಪು ನಂದರಿ, ಡಾಕ್ಟರ. ಒಳಗ ಬರಿಗಾಲಿಲೆ ಬಂದ್ರಿ, ನಾ ಬರಿಗಾಲಿಂದ ಅಳತಿ ತಗೊಂಡೆ. ಊರಾಗ ಹೋಗೂ ಕಾಲು ಬ್ಯಾರೆ ಐತಿ, ನಾನು ನೋಡ್ಲೇ ಇಲ್ಲ."

ಹದಿಮೂರು ವರ್ಷಗಳಿಂದ ಇದ್ದ ನೇಮ ಶನಿವಾರ ಮುರಿಯುತ್ತದೆ. ಮರದಡಿ ಚಪ್ಪಲಿ ಕಳಚಲು ಬಗ್ಗಿದ ಮುರಿಗೆಪ್ಪನವರನ್ನು ಕರೆಪ್ಪ ತಡೆಯುತ್ತಾರೆ.

"ಮೆಟ್ಕೊಂಡ ಬರ್ರಿ."

"ಅಡಿಗಲ್ಲ ಐತ್ಯಲ್ಲೊ!"

"ಅದಕ್ಕ ನಾ ಹೇಳೇನಿ ಬರ್ರಿ. ದಿನಾ ನನ್ನ ಕಡೆ ಬಡಿಸಿಕೊಳ್ಳತೈತಿ, ಇಷ್ಟಕ್ಕ ಸಿಟ್ಟ ಮಾಡೂದಿಲ್ಲ."

ಚಪ್ಪಲಿ ಮೆಟ್ಟಿದ ಕಾಲಿನ ಗೆರೆ ಮತ್ತೊಮ್ಮೆ ಕಾಗದಕ್ಕೆ ಇಳಿಯುತ್ತದೆ. ಕ್ಲಚ್ಚಿನ ಪೆಡಲು ಎರಡು ಬೆರಳು ಅಗಲವಾಗುತ್ತದೆ, ಬ್ರೇಕಿನದು ಅಷ್ಟೇ ಹಿಂದೆ ಸರಿಯುತ್ತದೆ, ಅಟ್ಟೆ ಜಾರದಂತೆ ಹೊರ ಅಂಚಿಗೆ ಪುಟ್ಟ ಏಣು ಏಳುತ್ತದೆ. ಭಾನುವಾರ ಬೆಳಗಿನಿಂದ ಬಿಸಿಲು ತಗ್ಗುವವರೆಗೆ ಮುರಿಗೆಪ್ಪನವರು ಅದೇ ದಾರಿಯಲ್ಲಿ ನಿಂತು ಹೊರಡುತ್ತಾರೆ, ಹೊರಟು ನಿಲ್ಲುತ್ತಾರೆ. ರವದಿಯ ಬಣವೆಯ ಒಡೆಯ ಮಾಯಪ್ಪ ಕಟ್ಟೆಯ ಮೇಲೆ ಕುಳಿತು, "ಡಾಕ್ಟರ, ಬಣವಿ ಈ ಕಡೆ ಐತ್ರಿ, ದಾರಿ ತಪ್ಪಬ್ಯಾಡ್ರಿ!" ಎಂದು ಕೂಗುತ್ತಲೇ ಇರುತ್ತಾನೆ.

ಸೋಮವಾರ ಕರೆಪ್ಪ ಜೇಬಿಗೆ ನಟ್ಟು ತಿರುಗಿಸುವ ಪಾನಾ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಗೋಕಾಕ ದಾಟುವಾಗ ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ಬೆಟ್ಟ, ಜೋಳದ ಹೊಲ, ಕುರಿಹಿಂಡು ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತೆ ಹಿಂದೆ ಹಿಂದೆ ತೇಲಿಹೋಗುತ್ತವೆ. ಕರೆಪ್ಪನವರ ಕಣ್ಣು ಮಾತ್ರ ಆ ಎಡಗಾಲನ್ನು ಬಿಡುವುದಿಲ್ಲ.

ಹುಕ್ಕೇರಿಯ ಅಧಿಕಾರಿ ಒರಟರಲ್ಲ, ಆದರೆ ಎಚ್ಚರದ ಮನುಷ್ಯ. ಸಮನೆಲದ ಓಟ ನೋಡಿ ತಲೆಯಾಡಿಸುತ್ತಾರೆ. ಬಳಿಕ ದವಾಖಾನೆಯ ಪಕ್ಕದ ಏರು ತೋರಿಸಿ, "ನಡುವ ನಿಲ್ಲಸ್ರಿ. ಮತ್ತ ಮ್ಯಾಲ ಹೋಗ್ರಿ," ಎನ್ನುತ್ತಾರೆ.

ಏರಿನ ನಡುವೆ ಗಾಡಿ ನಿಲ್ಲುತ್ತದೆ. ಹಿಮ್ಮಡಿ ಬ್ರೇಕಿನ ಮೇಲೆ, ಮುಂಗಾಲು ಕ್ಲಚ್ಚಿನ ಮೇಲೆ. ಕೆಳಗೆ ನಿಂತ ಕರೆಪ್ಪ ತಮಗೆ ಅರಿವಿಲ್ಲದೆಯೇ ಎಡಗಾಲಿನಿಂದ ನೆಲ ಒತ್ತಿಹಿಡಿದಿದ್ದಾರೆ. ಮೇಲೆ ಚಪ್ಪಲಿಯ ತುದಿ ಹೂವಿನೆಸಳು ಬಿಚ್ಚುವಷ್ಟು ಮೆಲ್ಲಗೆ ಏಳುತ್ತದೆ. ಗಾಡಿ ಒಂದು ಗೆರೆಯೂ ಹಿಂದೆ ಸರಿಯದೆ, ಗುಡುಗುಡು ಎನ್ನುತ್ತ ಏರು ಹತ್ತಿ ಮರೆಯಾಗುತ್ತದೆ.

"ನಾಳಿಂದ ರೌಂಡಿಗೆ ಹೋಗ್ಲಿ," ಎಂದು ಅಧಿಕಾರಿ ಒಳಗೆ ನಡೆಯುತ್ತಾರೆ. ಪೆಡಲು ಯಾರು ಮಾಡಿದರೆಂದು ಕೇಳುವುದಿಲ್ಲ. ಹೇಳಬೇಕೆಂದು ಕರೆಪ್ಪನವರಿಗೂ ಹೊಳೆಯುವುದಿಲ್ಲ.

ಹತ್ತರಗಿಯ ದಾರಿಯಲ್ಲಿ ಅವರು ಗಾಳಿಗೆ ಹೇಳುವಂತೆ ಹೇಳುತ್ತಾರೆ: "ಇನ್ನೊಂದು ಮಾಡೂದು ಐತ್ರಿ ಡಾಕ್ಟರ. ಗಾಣದ ಬಾಯಿಗೆ ಒಂದು ಅಡ್ಡ ತಗಡು. ಕಬ್ಬಷ್ಟ ಒಳಗ ಹೋಗಬೇಕು, ಬೆರಳು ಹೋಗಬಾರದು. ಆಮ್ಯಾಲ ಈ ಪೆಡಲು ಯಾರಿಗೂ ಬ್ಯಾಡಾಗಲಿ."

ಮನೆ ಮುಟ್ಟಿದಾಗ ಮುರಿಗೆಪ್ಪನವರು ಸುದ್ದಿ ಹೇಳಲು ಒಳಗೆ ಓಡುತ್ತಾರೆ. ಕರೆಪ್ಪ ಅಂಗಳದಲ್ಲೇ ಉಳಿದು, ತಂತಿ ನೋಡುವ ನೆಪದಲ್ಲಿ ಗಾಡಿಯ ಪಕ್ಕ ಕೂರುತ್ತಾರೆ. ಇಂಥ ಅಂಗಳಗಳಲ್ಲಿ ಊಟ ದೂರದಿಂದ, ಮೇಲಿನಿಂದ, ಎಲೆಗೆ ಬೀಳುವುದನ್ನು ಕಂಡೇ ಬೆಳೆದವರು ಅವರು. ಒಳಗೆ ಯಾರೋ ಅಳುತ್ತಿದ್ದಾರೆ, ನಗುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಮುರಿಗೆಪ್ಪನವರ ತಾಯಿ ಕಾಶೆವ್ವ ಹೊರಬರುತ್ತಾರೆ. ಕೈಯಲ್ಲಿ ಮನೆಯವರು ಉಣ್ಣುವ ಹಿತ್ತಾಳೆಯ ತಾಟು. ಎರಡು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಒಂದು ಮುದ್ದೆ ಬೆಣ್ಣೆ. ಕರೆಪ್ಪ ಎದ್ದು ನಿಂತು ಧೋತರಕ್ಕೆ ಕೈ ಒರೆಸಿಕೊಳ್ಳುತ್ತಾರೆ. ಕಪ್ಪು ಪೂರಾ ಹೋಗುವುದಿಲ್ಲ. ಆಕೆ ಕಾಯುತ್ತಾರೆ. ಬಳಿಕ ಹತ್ತಿರ ಬಂದು, ತಾಟನ್ನು ಅವರ ಎರಡೂ ಕೈಗಳಿಗೆ ಕೊಡುತ್ತಾರೆ.