ಉಪ್ಪಿನ ಕೋಠಿಯ ಬೀಗ ಒಡೆದ ಕೆಜಾಯಾ

ಕೆಜಾಯಾ ಥಾರ್ಪ್ ಮದುವೆಯಾಗಿ ಅಮೆರಿಕದ ಮಸಾಚುಸೆಟ್ಸ್ ಕರಾವಳಿಯ ಹಾರ್ಲೋ ಊರಿಗೆ ಬಂದ ವಾರದಲ್ಲೇ ಅವಳ ಅತ್ತೆ ಗೊಣಗಿದ್ದಳಂತೆ: "ಬಾಯಿ ಮುಚ್ಕೊಂಡಿದ್ರೂ ಈ ಹುಡುಗಿ ಕಣ್ಣೇ ಜಗಳಕ್ಕೆ ಬರ್ತವೆ."

ಕೆಜಾಯಾ ನೇಕಾರ್ತಿ. ಇಂಗ್ಲೆಂಡಿನ ಬಟ್ಟೆ ಉಡುವುದಿಲ್ಲವೆಂದು ಊರು ಆಣೆಯಿಟ್ಟಾಗ ಅರ್ಧ ಊರಿನ ಮಾನ ಮುಚ್ಚಿದ್ದು ಅವಳ ಮಗ್ಗವೇ. ಇಂಗ್ಲೆಂಡಿನ ರಾಜನ ಮೇಲೆ ಯುದ್ಧ ಶುರುವಾಯಿತು. ಗಂಡ ಏಮಸ್ ಬಂದೂಕು ಹೊತ್ತು ಹೋದವನು ಗುಂಡಿಗಲ್ಲ, ದಂಡಿನ ಪಾಳೆಯದಲ್ಲಿ ಸಿಡುಬಿಗೆ ಬಲಿಯಾದ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವಳು ದಂಡಿಗೆ ಕಂಬಳಿ ನೇಯುತ್ತಾ ಉಳಿದಳು.

ರಾಜನ ಗವರ್ನರು ಹಡಗು ಹತ್ತಿ ಹೋಗಿದ್ದ. ಈಗ ಊರನ್ನು ಆಳುತ್ತಿದ್ದುದು ಊರವರೇ ಆರಿಸಿದ ಐವರ ಸಮಿತಿ. ಹೆಂಡದಂಗಡಿಯ ಅಟ್ಟದಲ್ಲಿ ಕೂತು ಸರಕಿಗೆಲ್ಲ ಬೆಲೆ ಕಟ್ಟುತ್ತಿದ್ದವರೂ, ಬಚ್ಚಿಟ್ಟವರಿಗೆ ದಂಡ ಹಾಕುತ್ತಿದ್ದವರೂ ಅವರೇ.

ಆ ವರ್ಷ ಹಂದಿ ಕಡಿಯುವ ಕಾಲ ಬಂತು, ಉಪ್ಪಿಲ್ಲ. ಉಪ್ಪು ಹಾಕದಿದ್ದರೆ ಮಾಂಸ ಕೊಳೆಯುತ್ತದೆ, ಚಳಿಗಾಲವೆಲ್ಲ ಉಪವಾಸ. ವರ್ತಕ ಎಜ್ರಾ ಪೆಲ್‌ನ ಕೋಠಿಯಲ್ಲಿ ಪೀಪಾಯಿಗಟ್ಟಲೆ ಇದೆಯೆಂದು ಎಲ್ಲರಿಗೂ ಗೊತ್ತು. ಆದರೆ ಪೆಲ್ ಸಮಿತಿಯ ಐವರಲ್ಲಿ ಒಬ್ಬ.

ಕೆಜಾಯಾ ಅಟ್ಟ ಹತ್ತಿ, ಪೆಲ್‌ನ ಉಪ್ಪು ಹೊರಗೆ ತೆಗೆಸಿ ಎಂದು ಸಮಿತಿಯನ್ನು ಕೇಳಿದಳು. ಅಧ್ಯಕ್ಷ ಕ್ರೋ ಮುದುಕ ಗಡ್ಡ ಕೆರೆದುಕೊಂಡ. "ವಿಚಾರ ಮಾಡ್ತೀವಮ್ಮ."

"ಮಾಡಿ ಸ್ವಾಮಿ. ಅಲ್ಲೀತನಕ ಹಂದಿಗೆ ಕೊಳೀಬೇಡ ಅಂತ ಒಂದು ಹುಕುಂ ಹೊರಡಿಸಿಬಿಡಿ."

ಮರುದಿನ ಬೆಳಿಗ್ಗೆ ಊರ ಹೆಂಗಸರೆಲ್ಲ ಕೈಗಾಡಿ ತಳ್ಳಿಕೊಂಡು ಕೋಠಿಯ ಮುಂದೆ ನಿಂತರು. ಪೆಲ್ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತ. ಕಮ್ಮಾರನ ತಾಯಿ ಪೇಷನ್ಸ್ ತೋಳು ಮಡಿಸಿದಳು. "ನೀವಾಗೇ ಏಳ್ತೀರೋ, ಕುರ್ಚಿ ಸಮೇತ ಎತ್ತಿಡಬೇಕೋ?" ಅವನು ಏಳಲಿಲ್ಲ, ಕುರ್ಚಿ ಸಮೇತವೇ ಎತ್ತಿಟ್ಟರು. ಕೆಜಾಯಾ ಕೊಡಲಿಯಿಂದ ಬೀಗ ಒಡೆದಳು. ಮನೆಮನೆಗೂ ಉಪ್ಪು ಅಳೆದುಕೊಟ್ಟು, ಸಮಿತಿ ಕಟ್ಟಿದ್ದ ಬೆಲೆಯನ್ನೇ ಪೆಲ್‌ನ ಮಡಿಲಿಗೆ ಸುರಿದಳು.

ಸಮಿತಿ ಅವಳನ್ನು ಕರೆಸಿತು.

"ಕಾನೂನು ಕೈಗೆ ತಗೊಂಡೆಯಲ್ಲಮ್ಮ," ಎಂದ ಕ್ರೋ.

"ನೀವೇ ಮಾಡಿದ ಕಾನೂನು. ಇಲ್ಲಿ ನಿದ್ದೆ ಹೊಡೀತಿತ್ತು, ಎಬ್ಬಿಸಿದೆ."

"ತಪ್ಪಾಯ್ತು ಅನ್ನು. ಇಲ್ಲಿಗೇ ಮುಗಿಸೋಣ."

"ಅನ್ನಲ್ಲ." ಅವಳ ದನಿ ತಗ್ಗಲಿಲ್ಲ. "ನಮ್ಮನ್ನ ಕೇಳ್ದೆ ನಮ್ಮನ್ನ ಆಳ್ಬೇಡ ಅಂತ ರಾಜನಿಗೆ ಹೇಳೋಕೆ ಹೋಗಿ ನನ್ನ ಗಂಡ ಸತ್ತ. ಆ ಮಾತು ರಾಜನಿಗೆ ಮಾತ್ರಾನಾ? ಪೆಲ್ ಯಜಮಾನ್ರಿಗೆ ಇಲ್ವಾ? ಸೆರೆಗೆ ಹಾಕ್ತೀರಾ, ಹಾಕಿ. ದಂಡಿನ ಕಂಬಳಿ ನೀವೇ ನೇಯ್ಕೊಳ್ಳಿ."

ಅಟ್ಟದ ಕೆಳಗೆ ಹೆಂಗಸರ ಗದ್ದಲ ಏರುತ್ತಿತ್ತು. ಕ್ರೋ ಕಿಟಕಿಯಿಂದ ಇಣುಕಿದ, ಪೆಲ್‌ನ ಮುಖ ನೋಡಿದ. "ಮನೆಗೆ ಹೋಗಮ್ಮ," ಎಂದ.

ವಸಂತದ ಊರಸಭೆಯಲ್ಲಿ ಪೆಲ್‌ನನ್ನು ಸಮಿತಿಯಿಂದ ಕಿತ್ತುಹಾಕಿದರು. ಮತಕ್ಕೆ ಕೈ ಎತ್ತಿದವರೆಲ್ಲ ಗಂಡಸರೇ, ಹೆಂಗಸರಿಗೆ ಆ ಹಕ್ಕಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿಯ ಹೆಂಡಂದಿರು ಹಿಂದಿನ ರಾತ್ರಿ ಉಪ್ಪಿಲ್ಲದ ಗಂಜಿ ಬಡಿಸಿದ್ದರು.

ಯುದ್ಧ ಗೆದ್ದರು. ರಾಜ ಹೋದ. ಹೆಂಗಸರು ಕೈ ಎತ್ತುವ ಕಾಲ ಮಾತ್ರ ಕೆಜಾಯಾಳ ಆಯುಸ್ಸಿನಲ್ಲಿ ಬರಲಿಲ್ಲ. ಆದರೂ ಅವಳು ಪ್ರತಿ ಸಭೆಗೂ ಹೋಗಿ ಕೂರುತ್ತಿದ್ದಳು. ಒಂದು ವರ್ಷ ಹೊಸ ಅಧ್ಯಕ್ಷನೊಬ್ಬ ಅವಳನ್ನು ಹೊರಗೆ ಕಳಿಸಿದ. ಅವಳು ಕಿಟಕಿಯ ಬಳಿ ನಿಂತು, ಅವನ ಒಂದೊಂದು ಮಾತಿಗೂ ಹೊರಗಿನಿಂದಲೇ ಜವಾಬು ಕೊಟ್ಟಳು.