ಇಬ್ಬರೂ ‘ಓ’ ಅಂದ್ವಿ

ನನ್ನ ನೆಗೆಣ್ಣಿ, ಅಂದ್ರ ನಮ್ಮ ಭಾವನ ಹೆಂಡತಿ, ಭಾಳ ಚಲೋ ಹೆಂಗಸು. ಇಳಕಲ್ಲಿನ ಮನ್ಯಾಗ ನಾವಿಬ್ಬರೂ ಇಷ್ಟು ವರ್ಷ ಕೂಡೇ ಇದ್ವಿ, ಒಂದಿನಾ ಜಗಳ ಆಡಿಲ್ಲ. ಅದ ನನ್ನ ಸಂಕಟ. ಜಗಳ ಆಡಿದ್ರ ಹೊಟ್ಟ್ಯಾಗಿನ ಉರಿ ಒಂದೀಟ ಹೊರಗರ ಬರ್ತಿತ್ತು.

ನಾ ಹುನಗುಂದದ ಕೋರ್ಟಿನ್ಯಾಗ ಕೆಲಸ ಮಾಡ್ತೇನಿ. ಮಗಳು ಕಣ್ಣ ಬಿಡೂದ್ರಾಗ ನನ್ನ ಬಸ್ ಹೊಂಟಿರತೈತಿ. ಆಕಿಗೆ ಎಣ್ಣಿ ಹಚ್ಚಿ ಹೆರಳ ಹಾಕಾಕಿ, ಬಿಸಿ ರೊಟ್ಟಿ ಬಳ್ಳೊಳ್ಳಿ ಕೂಡ ಹಿಚುಕಿ ಮುಟಗಿ ಮಾಡಿ ತಿನಿಸಾಕಿ, ಸಾಲಿಗೆ ಬಿಡಾಕಿ ಎಲ್ಲಾ ನೆಗೆಣ್ಣಿ. ಹಡದಾಕಿ ಅಷ್ಟ ನಾನು. ನೆಗೆಣ್ಣಿಗೆ ಇಬ್ಬರೂ ಗಂಡಸ ಮಕ್ಕಳು, ಬೆಳದು ದೊಡ್ಡವರಾಗ್ಯಾರ. ಹೆಣ್ಣಿನ ಆಸಿ ಹಂಗ ಉಳದಿತ್ತು. ಜೂನಿನ್ಯಾಗ ಭಾವ, ನೆಗೆಣ್ಣಿ ಬಾಗಲಕೋಟಿಗೆ ಹೊಸಾ ಮನಿಗೆ ಹೋಗೂದಿತ್ತು. “ಹುಡುಗಿನ್ನೂ ಕರ್ಕೊಂಡ ಹೋಗ್ತೇನಿ, ಅಲ್ಲೆ ಚಲೋ ಸಾಲಿ ಅದಾವು” ಅಂತ ಕೇಳಿದ್ಲು. ನನ್ನ ಗಂಡ ಹೂಂ ಅಂದ. ಮಗಳಂತೂ ಕುಣದಾಡಿದ್ಲು. ನಾ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಅಂಥಾದ್ರಾಗ ಹಡಗಿನ ಪ್ರವಾಸ ಬಂತು. ಭಾವನ ಗೊಬ್ಬರದ ಅಂಗಡ್ಯಾಗ ವ್ಯಾಪಾರ ಜೋರ ಆಗಿದ್ದಕ್ಕ ಕಂಪನಿಯವರು ಮುಂಬೈಯಿಂದ ಲಕ್ಷದ್ವೀಪಕ್ಕ ಮನಿ ಮಂದಿಗೆಲ್ಲಾ ಟಿಕೆಟ್ ಕೊಟ್ಟಿದ್ರು. ಅಲ್ಲೆ ಕೋರ್ಟಿಲ್ಲ, ಬಸ್ಸಿಲ್ಲ. ಮಗಳು ನನ್ನ ಬೆನ್ನ ಹತ್ತತಾಳ, ಆಮ್ಯಾಲ ತಾನ ಬಾಗಲಕೋಟಿ ಬ್ಯಾಡ ಅಂತಾಳ ಅಂತ ನಾ ಅನಕೊಂಡಿದ್ನಿ.

ಮೊದಲನೇ ಊಟದಾಗ ಎಲ್ಲಾ ಕೆಟ್ಟಿತು. ಹಡಗಿನ್ಯಾಗ ಏನ ಬೇಕು ಅದೈತಿ. ನಾ ತಾಟ ತುಂಬಿ ತಂದಿಟ್ನಿ, ಮಗಳು ಮೂಗ ಮುರದ್ಲು. ನೆಗೆಣ್ಣಿ ಸೆರಗಿನ ಮರ್ಯಾಗ ಊರಿಂದ ತಂದ ಚೀಲ ಬಿಚ್ಚಿ, ಕಟಕ ರೊಟ್ಟಿ ಮುರದು ಮೊಸರಾಗ ನೆನಸಿ, ಶೇಂಗಾ ಚಟ್ನಿ ಕಲಸಿ ಕೊಟ್ಲು. ಹುಡುಗಿ ತಾಟ ನೆಕ್ಕಿ ಎದ್ದಳು. ಬಾಜೂಕ ಕುಂತವರು ತಾಯಿ-ಮಗಳು ಭಾಳ ಚಂದ ಅದಾರ ಅಂತ ಹಿಂದ್ಯಾಗ ಅಂದ್ರು. ನೆಗೆಣ್ಣಿಗೆ ಹಿಂದಿ ಬರೂದಿಲ್ಲ. ನಂಗ ಬರತೈತಿ, ನನ್ನ ಕರ್ಮ.

ಮುಂದ ಹಡಗ ದೂರ ನಿಂತು, ಸಣ್ಣ ದೋಣ್ಯಾಗ ನಮ್ಮನ್ನ ನಡುಗಡ್ಡಿಗೆ ಒಯ್ದರು. ಬೆಳ್ಳನ ಉಸುಕು, ತೆಂಗಿನ ಗಿಡ, ತಳ ಕಾಣೂವಂಥ ನೀರು. ಮಲಪ್ರಭಾದ ಕೆಂಪ ನೀರ ಕಂಡವರು ನಾವು, ಇದು ಖರೇನ ನೀರೇನು ಅನಸ್ತಿತ್ತು. ಗಂಡಸರು ಎಳನೀರ ಕುಡಕೊಂತ ಕುಂತ್ರು. ಮಗಳು ನೀರಾಗ ಆಡಾಕತ್ತಿದ್ಲು. ನಾ ಆಕಿ ಹತ್ರ ಇದ್ನಿ, ನೆಗೆಣ್ಣಿ ದಂಡಿ ಮ್ಯಾಲಿದ್ಲು.

ಹವಳದ ಕಲ್ಲ ಕಾಲಿಗೆ ಚುಚ್ಚಿ ಹುಡುಗಿ “ಯವ್ವಾ” ಅಂತ ಚೀರಿದ್ಲು. ನಮ್ಮ ಕಡೆ ಎಡವಿದ್ರ, ಚೇಳ ಕಡದ್ರ, ಹಣ್ಣ ಮುದುಕರೂ ಯವ್ವಾ ಅಂತಾರ. ಅದು ಯಾರನ್ನೂ ಕರದದ್ದಲ್ಲ. ಗೊತ್ತಿದ್ದೂ ನಾ “ಓ” ಅಂದ್ನಿ. ಅದ ಹೊತ್ತಿಗೆ ದಂಡಿ ಮ್ಯಾಲಿಂದನೂ “ಓ” ಅಂತ ಬಂತು. ಮಗಳು ನನ್ನ ಕರ್ಯೂದು ಮಮ್ಮಿ, ಆಕಿನ್ನ ಕರ್ಯೂದು ದೊಡ್ಡವ್ವ. ಅವ್ವ ಅನ್ನೂ ಮಾತ ನನ್ನ ಪಾಲಿಗೆ ಬಂದೇ ಇಲ್ಲ.

ನಾನ ಮೊದಲ ಹೋಗಿ ಎತ್ಕೊಂಡ್ನಿ. ಆಕಿ ನನ್ನ ಹೆಗಲ ಮ್ಯಾಲಿಂದ ಎರಡೂ ಕೈ ದಂಡಿ ಕಡೆ ಚಾಚಿದ್ಲು. ನೆಗೆಣ್ಣಿ ಮೊಣಕಾಲ ಮಟಾ ನೀರಾಗ ಬಂದು ನಿಂತಿದ್ಲು, ಸೀರಿ ಎಲ್ಲಾ ತೊಯ್ದಿತ್ತು. ಕೈ ಮಾತ್ರ ಮುಂದ ಮಾಡಲಿಲ್ಲ.

ತಿರಗಿ ಹಡಗಿಗೆ ಬರೂ ದೋಣ್ಯಾಗ ನಂಗ ತಡಕೊಳ್ಳಾಕ ಆಗಲಿಲ್ಲ. “ಅಕ್ಕಾರ, ಜೂನ್ ತನಕ ಯಾಕ ಕಾಯ್ತೀರಿ? ಊರಿಗೆ ಹೋದ ಕೂಡ್ಲೆ ಕರ್ಕೊಂಡ ಹೋಗಿ ಬಿಡ್ರಿ” ಅಂದ್ನಿ. ಚುಚ್ಚಬೇಕು ಅಂತನ ಅಂದ್ನಿ.

ಆಕಿ ಸೆರಗ ಹಿಂಡಕೊಂತ ಸಣ್ಣ ದನ್ಯಾಗ ಅಂದ್ಲು: “ಒಲ್ಲೆ ತಂಗಿ. ಯವ್ವಾ ಅಂದಾಗ ನನ್ನ ಬಾಯಿಂದ ಓ ಬಂತಲ್ಲ, ನಂಗ ಹೆದರಿಕಿ ಆತು. ಈಗ ಕರ್ಕೊಂಡ ಹೋದ್ರ ನಾ ತಿರಗಿ ಕೊಡಾಕಿ ಅಲ್ಲ. ನಿನ್ನ ಕಡೇನ ಇರಲಿ.”

ಜೂನಿನ್ಯಾಗ ಭಾವ, ನೆಗೆಣ್ಣಿ ಇಬ್ಬರ ಹೋದ್ರು, ಮಗಳು ನನ್ನ ಕಡೆ ಉಳದ್ಲು. ಬ್ಯಾಡ ಅನ್ನಬೇಕಾದಾಕಿ ನಾನು. ಅದನ್ನೂ ಆಕೀನ ಅಂದ್ಲು. ನನ್ನ ಮಗಳನ್ನ ನನಗ ಕೊಟ್ಟಾಕಿನೂ ಆಕೀನ. ಇದೊಂದಕ್ಕ ನಾ ಆಕಿನ್ನ ಎಂದೂ ಮಾಫ್ ಮಾಡೂದಿಲ್ಲ.